ಅರಿಶಿಣ ಹಚ್ಚುವ ದಿನ ಅರಿಶಿಣವೇ ಉರಿದರೆ?

ಈ ಸಲದ ಸುಗ್ಗಿ ಮುಗಿದ ಮೇಲೆ ಹತ್ತಿಮತ್ತೂರಿನ ಒಂದು ಮದುವೆ ಮನೆಗೆ ಹೋಗಿದ್ದೆವು. ಸುದ್ದಿ ಮಾಡಲು ಹೋಗಿರಲಿಲ್ಲ, ಪರಿಚಯದವರು ಕರೆದಿದ್ದರು. ಅಂದು ಅರಿಶಿಣ ಹಚ್ಚುವ ಶಾಸ್ತ್ರ. ಮುತ್ತೈದೆಯರು ಹಾಡುತ್ತ ಕೂತಿದ್ದರು. ಒಬ್ಬರು ಎದ್ದು ಮದುಮಗಳ ಕೆನ್ನೆಗೆ ಅರಿಶಿಣ ಮುಟ್ಟಿಸಿದ್ದೇ ತಡ, ಹುಡುಗಿ "ಯವ್ವಾ, ಉರಿತೈತಿ" ಅಂತ ಮುಖ ಹಿಂದಕ್ಕೆ ಎಳೆದುಕೊಂಡಳು. ಮೊದಲು ಎಲ್ಲರೂ ನಕ್ಕರು. ಎರಡನೇ ಸಲ ಹಚ್ಚಿದಾಗ ಅವಳ ಕಣ್ಣಲ್ಲಿ ನೀರು ಬಂತು. ಕಡೆಗೆ ಕೈಗೆ, ಕಾಲಿಗೆ ಮಾತ್ರ ಅರಿಶಿಣ ಹಚ್ಚಿ ಶಾಸ್ತ್ರ ಮುಗಿಸಿದರು.

ಪಕ್ಕದಲ್ಲಿ ಕೂತಿದ್ದ ಅಜ್ಜಿ ನಮಗೆ ಹೇಳಿದ ಮಾತು ಇಷ್ಟೆ: "ತಮ್ಮಾ, ನನಗ ಎಪ್ಪತ್ತು ದಾಟ್ಯಾವ. ಅರಿಶಿಣ ಯಾರಿಗಾರ ಉರಿದಿದ್ದು ನಾ ನೋಡಿಲ್ಲ."

ಉರಿದದ್ದು ಅರಿಶಿಣದ ತಪ್ಪಲ್ಲ ಅಂತ ಆಮೇಲೆ ಗೊತ್ತಾಯಿತು. ಮದುವೆ ಗೊತ್ತಾದ ದಿನದಿಂದ, ಅಂದರೆ ಎರಡು ತಿಂಗಳಿಂದ, ಹುಡುಗಿ ಒಂದು ಕ್ರೀಮು ಹಚ್ಚುತ್ತಿದ್ದಳು. ಯಾರೋ ಸಂತೆಯಿಂದ ತಂದುಕೊಟ್ಟ ಡಬ್ಬಿ. ಮೇಲೆ ಎಲೆಯ ಚಿತ್ರ, ಹಸಿರು ಬಣ್ಣ, 'ಆಯುರ್ವೇದಿಕ್' ಎಂಬ ಅಕ್ಷರ. ತಯಾರಿಸಿದವರ ವಿಳಾಸ ಇಲ್ಲ, ಲೈಸೆನ್ಸ್ ನಂಬರು ಇಲ್ಲ. ಮೊದಲ ಹದಿನೈದು ದಿನ ಮುಖ ಬೆಳ್ಳಗಾಯಿತಂತೆ. ಆಮೇಲೆ ಕೆಂಪಾಯಿತು, ಗುಳ್ಳೆ ಎದ್ದವು. ಹಚ್ಚುವುದು ಬಿಟ್ಟರೆ ಉರಿ, ಹಚ್ಚಿದರೆ ಉರಿ ಶಾಂತ. ಹಾಗಾಗಿ ಬಿಡಲಾರದೆ ಹಚ್ಚುತ್ತಲೇ ಇದ್ದಳು. ಇದು ಸ್ಟಿರಾಯ್ಡ್ ಕ್ರೀಮಿನಿಂದ ಹಾಳಾದ ಮುಖದ ಲಕ್ಷಣ ಅಂತ ಮದುವೆ ಆದ ಮೇಲೆ ತೋರಿಸಿದ ಚರ್ಮದ ಡಾಕ್ಟರು ಹೇಳಿದರು.

ಬೇವು, ಅರಿಶಿಣ, ಲೋಳೆಸರದ ಬಗ್ಗೆ ಮೊಬೈಲಿನಲ್ಲಿ ದಿನಕ್ಕೆ ಹತ್ತು ವಿಡಿಯೋ ಬರುತ್ತವೆ. ನಾವು ಇನ್ನೊಂದು ಸೇರಿಸಲು ಹೊರಟಿಲ್ಲ. ಹೇಳಬೇಕಾದದ್ದು ಒಂದೇ. ನಮ್ಮ ಹಿತ್ತಲ ಔಷಧಿ ಇರುವುದು ಚರ್ಮ ಚೊಕ್ಕ ಇಡಲು, ತುರಿಕೆ ತಗ್ಗಿಸಲು, ಗಾಯ ಮಾಯಿಸಲು. ಬಣ್ಣ ಬದಲಿಸುವುದು ಅದರ ಕೆಲಸವೇ ಅಲ್ಲ. ಈ ವ್ಯತ್ಯಾಸ ಮರೆತದ್ದರಿಂದಲೇ ಆಯುರ್ವೇದದ ಹೆಸರಿನಲ್ಲಿ ಯಾರು ಏನು ಬೇಕಾದರೂ ಮಾರುವಂತಾಗಿದೆ.

ಹಳೆಯ ಗ್ರಂಥದಲ್ಲಿ ಅರಿಶಿಣ ಎಲ್ಲಿದೆ?

ಚರಕ ಸಂಹಿತೆ ಆಯುರ್ವೇದದ ಮೂಲ ಗ್ರಂಥಗಳಲ್ಲಿ ಒಂದು. ಅದರ ಸೂತ್ರಸ್ಥಾನದ ನಾಲ್ಕನೇ ಅಧ್ಯಾಯದಲ್ಲಿ ಗಿಡಮೂಲಿಕೆಗಳನ್ನು ಅವು ಮಾಡುವ ಕೆಲಸದ ಪ್ರಕಾರ 50 ಗುಂಪು ಮಾಡಿದ್ದಾರೆ. ಒಂದೊಂದು ಗುಂಪಿಗೆ 10 ಮೂಲಿಕೆ. ಚರ್ಮಕ್ಕೆ ನೇರವಾಗಿ ಸಂಬಂಧಪಟ್ಟ ಗುಂಪುಗಳು ಮೂರು. 'ವರ್ಣ್ಯ' ಅಂದರೆ ಮೈಬಣ್ಣಕ್ಕೆ ಕಳೆ ಕೊಡುವಂಥವು, 'ಕುಷ್ಠಘ್ನ' ಅಂದರೆ ಚರ್ಮರೋಗ ಕಳೆಯುವಂಥವು, 'ಕಂಡೂಘ್ನ' ಅಂದರೆ ತುರಿಕೆ ಕಳೆಯುವಂಥವು. ಇಲ್ಲಿ ಕುಷ್ಠ ಅಂದರೆ ನಾವು ಇವತ್ತು ಹೇಳುವ ಕುಷ್ಠರೋಗ ಒಂದೇ ಅಲ್ಲ. ಆಯುರ್ವೇದ 18 ಬಗೆಯ ಚರ್ಮದ ಕಾಯಿಲೆಗಳನ್ನು ಈ ಹೆಸರಿನಲ್ಲಿ ಕರೆಯುತ್ತದೆ.

ಈಗ ನೋಡಿ. ಅರಿಶಿಣ ಇರುವುದು ಕುಷ್ಠಘ್ನ ಗುಂಪಿನಲ್ಲಿ, ನೆಲ್ಲಿ, ಅಳಲೆ, ಕಕ್ಕೆ ಮರದ ಜೊತೆ. ಬೇವು, ಹೊಂಗೆ, ಸಾಸಿವೆ ಇರುವುದು ಕಂಡೂಘ್ನ ಗುಂಪಿನಲ್ಲಿ. ವರ್ಣ್ಯದ ಹತ್ತರಲ್ಲಿ ಶ್ರೀಗಂಧ, ಲಾವಂಚ, ಜ್ಯೇಷ್ಠಮಧು, ಮಂಜಿಷ್ಠ, ಸೊಗದೆ ಬೇರು ಇವೆ. ಅರಿಶಿಣವೂ ಇಲ್ಲ, ಬೇವೂ ಇಲ್ಲ. ಅಂದರೆ ಬೆಳ್ಳಗಾಗುವ ಆಸೆಯಿಂದ ನಾವು ಅತಿ ಹೆಚ್ಚು ಹಚ್ಚಿಕೊಳ್ಳುವ ಅರಿಶಿಣವನ್ನು ಚರಕ ರೋಗದ ಔಷಧಿ ಅಂತ ಬರೆದಿದ್ದಾನೆ. ವರ್ಣ್ಯ ಎಂಬ ಮಾತಿಗೂ ಬಿಳಿ ಮಾಡುವುದು ಎಂಬ ಅರ್ಥ ಇಲ್ಲ. ಅವರವರ ಬಣ್ಣ ಮಂಕಾಗದೆ ಕಳೆಯಾಗಿ ಇರಬೇಕು ಅನ್ನುವುದಷ್ಟೆ.

ಬೆಳ್ಳಗಾಗುವ ಕ್ರೀಮಿನ ಹುಚ್ಚು ಇತ್ತೀಚಿನದು. ದೇಶದಲ್ಲಿ 'ಫೇರ್ ಅಂಡ್ ಲವ್ಲಿ' ಮಾರುಕಟ್ಟೆಗೆ ಬಂದದ್ದು 1975ರಲ್ಲಿ. 2020ರಲ್ಲಿ ಕಂಪನಿಯವರೇ ಹೆಸರಿನಿಂದ 'ಫೇರ್' ತೆಗೆದು 'ಗ್ಲೋ' ಅಂತ ಮಾಡಿದರು. ಕಂಪನಿ ಬಿಟ್ಟ ಮಾತನ್ನು ನಮ್ಮ ಊರ ಬೀಗರು ಬಿಟ್ಟಿಲ್ಲ. "ಹುಡುಗಿ ಬಣ್ಣ ಹೆಂಗೈತಿ?" ಎಂಬ ಪ್ರಶ್ನೆ ಇನ್ನೂ ಕೇಳುತ್ತಾರೆ. ಬಿಸಿಲಲ್ಲಿ ಗೋವಿನಜೋಳ, ಹತ್ತಿ, ಮೆಣಸಿನಕಾಯಿ ಹೊಲದಲ್ಲಿ ದುಡಿಯುವ ಮೈಗೆ ಕಪ್ಪು ಬಣ್ಣವೇ ಕೊಡೆ. ಚರ್ಮದೊಳಗಿನ ಮೆಲನಿನ್ ಎಂಬ ಆ ಬಣ್ಣ ಬಿಸಿಲಿನ ಕೆಟ್ಟ ಕಿರಣಗಳನ್ನು ತಡೆಯುತ್ತದೆ. ಅದನ್ನು ತೆಗೆಯಲು ದುಡ್ಡು ಕೊಡುವುದು, ಮಳೆಗಾಲದಲ್ಲಿ ಮನೆ ಹಂಚು ಇಳಿಸಲು ಕೂಲಿ ಕೊಟ್ಟಂತೆ.

ಹಿತ್ತಲಲ್ಲಿ ಇರುವುದು ಯಾವುದಕ್ಕೆ?

ನಮ್ಮ ಊರುಗಳಲ್ಲಿ ಸುಲಭಕ್ಕೆ ಸಿಗುವ ಕೆಲವನ್ನು ಮಾತ್ರ ಹೇಳುತ್ತೇವೆ.

ಬೇವು: ಯುಗಾದಿ ದಿನ ಬೇವಿನ ಎಲೆ ಹಾಕಿದ ನೀರು ಮೈಮೇಲೆ ಹಾಕಿಕೊಳ್ಳುವವರು ವರ್ಷದ ಉಳಿದ ದಿನ ಅದನ್ನು ಮರೆಯುತ್ತಾರೆ. ಬೆವರುಸಾಲೆ, ಸಣ್ಣ ತುರಿಕೆ ಇದ್ದಾಗ ಒಂದು ಹಿಡಿ ಎಲೆ ಕುದಿಸಿ ಆರಿಸಿದ ನೀರಿನಲ್ಲಿ ಸ್ನಾನ ಮಾಡಬಹುದು. ಕಜ್ಜಿಗೆ ಬೇವು ಮತ್ತು ಅರಿಶಿಣ ಅರೆದು 814 ಜನರಿಗೆ ಹಚ್ಚಿದ ಒಂದು ಅಧ್ಯಯನ 1992ರಲ್ಲಿ ಪ್ರಕಟವಾಗಿದೆ. 3ರಿಂದ 15 ದಿನದಲ್ಲಿ ಶೇ 97ರಷ್ಟು ಜನರಿಗೆ ವಾಸಿಯಾಯಿತು ಎಂದು ಅದು ಹೇಳುತ್ತದೆ. ಅದೊಂದು ಆರಂಭದ ಅಧ್ಯಯನ ಅಷ್ಟೆ. ಆದರೂ ನಮ್ಮ ಅಜ್ಜಿಯರು ಮಾಡುತ್ತಿದ್ದದ್ದು ಸುಮ್ಮನೆ ಅಲ್ಲ ಅನ್ನಲು ಅಷ್ಟು ಸಾಕು. ಒಂದು ಎಚ್ಚರಿಕೆ: ಬೇವಿನ ಎಣ್ಣೆಯನ್ನು ಕೂಸಿಗೆ ಯಾವತ್ತೂ ಕುಡಿಸಬೇಡಿ. ಅದು ವಿಷವಾಗುತ್ತದೆ.

ಹೊಂಗೆ: ನಮ್ಮ ಕಡೆ ಹುಲಗಲ ಅನ್ನುತ್ತಾರೆ. ಇದರ ಎಣ್ಣೆ ದೀಪಕ್ಕೂ ಆಗುತ್ತಿತ್ತು, ತುರಿಕೆಗೂ ಆಗುತ್ತಿತ್ತು. ಹಚ್ಚಲು ಮಾತ್ರ, ಹೊಟ್ಟೆಗೆ ಅಲ್ಲ.

ತಗಚೆ: ಮಳೆ ಬಿದ್ದ ಮೇಲೆ ರಸ್ತೆ ಪಕ್ಕ ತಾನೇ ಹುಟ್ಟುವ ಸೊಪ್ಪು. ಸಂಸ್ಕೃತದಲ್ಲಿ ಇದಕ್ಕೆ 'ದದ್ರುಘ್ನ' ಎಂಬ ಹೆಸರಿದೆ. ದದ್ರು ಅಂದರೆ ಹುಳಕಡ್ಡಿ, ಗಜಕರ್ಣ. ಹೆಸರಲ್ಲೇ ಕೆಲಸ ಹೇಳಿದ್ದಾರೆ.

ಲೋಳೆಸರ: ಬಿಸಿಲಿಗೆ ಸುಟ್ಟ ಚರ್ಮಕ್ಕೆ, ಒಣ ಚರ್ಮಕ್ಕೆ ತಂಪು. ಎಲೆ ಕೊಯ್ದ ಮೇಲೆ ಹಳದಿ ರಸ ಸೋರುತ್ತದೆ. ಅದು ಪೂರ್ತಿ ಸೋರಿ ಹೋಗಲಿ, ತೊಳೆಯಿರಿ, ಆಮೇಲೆ ಒಳಗಿನ ಬಿಳಿ ಲೋಳೆ ಮಾತ್ರ ಹಚ್ಚಿ. ಆ ಹಳದಿ ರಸವೇ ಹಲವರಿಗೆ ತುರಿಕೆ ತರುವುದು.

ಎಣ್ಣೆ: ಬ್ಯಾಡಗಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳಿಗೆ ಇದು ಹೇಳಿಕೊಡಬೇಕಾಗಿಲ್ಲ. ಖಾರದ ಅಂಶ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಅದಕ್ಕೇ ಕೈ ಉರಿದಾಗ ಬರೀ ನೀರಲ್ಲಿ ತೊಳೆದರೆ ಹೋಗುವುದಿಲ್ಲ. ಮೊದಲು ಎಣ್ಣೆ ತಿಕ್ಕಿ, ಆಮೇಲೆ ಸಾಬೂನು ಹಚ್ಚಿ ತೊಳೆದರೆ ಹೋಗುತ್ತದೆ.

ಇವೆಲ್ಲ ಬಳಸುವ ಮುಂಚೆ ಎರಡು ಮಾತು. ಮೊದಲನೆಯದು, ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ. ಕೆಂಪಾದರೆ ಅದು ನಿಮ್ಮ ಚರ್ಮಕ್ಕೆ ಒಗ್ಗುವುದಿಲ್ಲ. ಎರಡನೆಯದು, ಎಲ್ಲಿಂದ ಕಿತ್ತಿರಿ ಎಂಬುದು. ಈಗ ಹೊಲದ ಬದುವಿಗೆ ಕಳೆನಾಶಕ ಹೊಡೆಯದ ರೈತರು ಕಡಿಮೆ. ಹತ್ತಿ ಹೊಲದ ಪಕ್ಕದ ಗಿಡಕ್ಕೆ ಕೀಟನಾಶಕ ಸಿಡಿದಿರುತ್ತದೆ. ಅಜ್ಜಿ ಕಿತ್ತ ಬದುವೂ ನಾವು ಕೀಳುವ ಬದುವೂ ಈಗ ಒಂದೇ ಅಲ್ಲ. ಔಷಧಿಗೆ ಬೇಕಾದ ನಾಲ್ಕು ಗಿಡ ಹಿತ್ತಲಲ್ಲೇ ಹಚ್ಚಿಕೊಳ್ಳುವುದು ಒಳ್ಳೆಯದು.

ಅರಿಶಿಣಕ್ಕಾಗಿ ದೇಶವೇ ಜಗಳಾಡಿತ್ತು

1995ರಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಒಂದು ಪೇಟೆಂಟ್ ಸಿಕ್ಕಿತು. ಗಾಯ ಮಾಯಿಸಲು ಅರಿಶಿಣ ಬಳಸುವುದು ತಮ್ಮ ಹೊಸ ಶೋಧ ಎಂದು! ನಮ್ಮ ದೇಶದ ಸಿಎಸ್‌ಐಆರ್ ಸಂಸ್ಥೆ ಇದನ್ನು ಪ್ರಶ್ನಿಸಿತು. ಹಳೆಯ ಸಂಸ್ಕೃತ ಗ್ರಂಥ, 1953ರಲ್ಲಿ ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಲೇಖನ ಮುಂತಾದ ದಾಖಲೆ ಒದಗಿಸಿತು. 1997ರಲ್ಲಿ ಆ ಪೇಟೆಂಟ್ ರದ್ದಾಯಿತು. ಬೇವಿನ ಎಣ್ಣೆಯಿಂದ ಬೂಷ್ಟು ತಡೆಯುವ ವಿಧಾನಕ್ಕೆ ಯುರೋಪಿನಲ್ಲಿ ಕೊಟ್ಟಿದ್ದ ಪೇಟೆಂಟ್ ಕೂಡ 2000ರಲ್ಲಿ ರದ್ದಾಗಿ, 2005ರಲ್ಲಿ ಆ ತೀರ್ಪು ಕಾಯಂ ಆಯಿತು.

ಈ ಜಗಳ ನಡೆದದ್ದು ಗಾಯ ಮಾಯಿಸುವ ಅರಿಶಿಣಕ್ಕೆ, ಬೂಷ್ಟು ಕೊಲ್ಲುವ ಬೇವಿಗೆ. ಇದನ್ನು ನೆನಪಿಸಲು ಕಾರಣ ಇದೆ. ಹೊರಗಿನವರು ನಮ್ಮ ಅರಿಶಿಣದ ಹೆಸರು ಕದ್ದಾಗ ದೇಶ ಎದ್ದು ನಿಂತಿತು. ಒಳಗಿನವರೇ ಆ ಹೆಸರು ಹಾಕಿ ಡಬ್ಬಿಯಲ್ಲಿ ಸ್ಟಿರಾಯ್ಡ್ ಮಾರುವಾಗ ನಾವು ಸುಮ್ಮನಿದ್ದೇವೆ.

ಟ್ಯೂಬಿನೊಳಗೆ ಏನಿದೆ?

ಸ್ಟಿರಾಯ್ಡ್ ಅನ್ನುವುದು ಕೆಟ್ಟ ಔಷಧಿಯಲ್ಲ. ಡಾಕ್ಟರು ಹೇಳಿದ ಕಾಯಿಲೆಗೆ, ಹೇಳಿದಷ್ಟು ದಿನ ಹಚ್ಚಿದರೆ ಒಳ್ಳೆಯದೇ. ಆದರೆ ಅದು ರಕ್ತನಾಳ ಕುಗ್ಗಿಸುತ್ತದೆ, ಚರ್ಮ ತೆಳ್ಳಗೆ ಮಾಡುತ್ತದೆ. ಮುಖ ಬೆಳ್ಳಗೆ ಕಾಣುವುದು ಅದರಿಂದಲೇ. ಬಿಟ್ಟ ಕೂಡಲೇ ರಕ್ತನಾಳ ಅಗಲವಾಗಿ ಮುಖ ಕೆಂಪಾಗುತ್ತದೆ, ಉರಿಯುತ್ತದೆ.

ಹುಳಕಡ್ಡಿಗೆ ಇದು ಇನ್ನೂ ದೊಡ್ಡ ಅಪಾಯ. ಹುಳಕಡ್ಡಿ ಅಂದರೆ ಹುಳ ಅಲ್ಲ, ಬೂಷ್ಟು. ಔಷಧ ಅಂಗಡಿಯಲ್ಲಿ "ತುರಿಕಿಗೆ ಒಂದು ಟ್ಯೂಬ್ ಕೊಡ್ರಿ" ಅಂದರೆ ಎಷ್ಟೋ ಸಲ ಸಿಗುವುದು ಎರಡು ಮೂರು ಔಷಧ ಬೆರೆಸಿದ, ಅದರಲ್ಲಿ ಸ್ಟಿರಾಯ್ಡ್ ಕೂಡ ಇರುವ ಟ್ಯೂಬು. ಎರಡು ದಿನದಲ್ಲಿ ತುರಿಕೆ ನಿಲ್ಲುತ್ತದೆ, ಗುಣವಾಯಿತು ಅನ್ನಿಸುತ್ತದೆ. ಒಳಗೆ ಬೂಷ್ಟು ಮಾತ್ರ ಹರಡುತ್ತಲೇ ಇರುತ್ತದೆ. ನಾವೂ ಒಂದು ಮಳೆಗಾಲ ಒದ್ದೆ ಪ್ಯಾಂಟಿನಲ್ಲಿ ಬೈಕ್ ಓಡಿಸಿ ಹುಳಕಡ್ಡಿ ತಂದುಕೊಂಡು, ಇಂಥದೇ ಟ್ಯೂಬನ್ನು ಮೂರು ತಿಂಗಳು ತಿಕ್ಕಿದವರೇ. ತೊಡೆಯಲ್ಲಿ ಇದ್ದದ್ದು ಸೊಂಟಕ್ಕೆ ಬಂತು. ನಾಚಿಕೆ ಬಿಟ್ಟು ಡಾಕ್ಟರಿಗೆ ತೋರಿಸಿದ ಮೇಲೆ ಹೋಯಿತು. ಅದಕ್ಕೇ ಇದನ್ನು ನಾಚಿಕೆ ಬಿಟ್ಟು ಬರೆಯುತ್ತಿದ್ದೇವೆ.

ನಮ್ಮ ದೇಶದಲ್ಲಿ ಹೀಗೆ ಔಷಧಿಗೆ ಬಗ್ಗದೆ ಬೆಳೆದ ಒಂದು ಬೂಷ್ಟಿಗೆ ವಿಜ್ಞಾನಿಗಳು 2020ರಲ್ಲಿ 'ಟ್ರೈಕೋಫೈಟಾನ್ ಇಂಡೋಟಿನಿಯೇ' ಎಂದು ಹೆಸರಿಟ್ಟರು. ಹೆಸರಲ್ಲೇ ನಮ್ಮ ದೇಶ ಇದೆ. 2023ರಲ್ಲಿ ಇದು ನ್ಯೂಯಾರ್ಕ್‌ನಲ್ಲೂ ಕಂಡುಬಂದಿತು. ಸ್ಟಿರಾಯ್ಡ್ ಬೆರೆಸಿದ ಕ್ರೀಮುಗಳನ್ನು ಮನಸ್ಸಿಗೆ ಬಂದಂತೆ ಹಚ್ಚಿದ್ದೂ ಇದಕ್ಕೆ ಒಂದು ಕಾರಣ ಅನ್ನುತ್ತಾರೆ ತಜ್ಞರು. 2018ರಲ್ಲೇ ಕೇಂದ್ರ ಸರ್ಕಾರ ಚರ್ಮಕ್ಕೆ ಹಚ್ಚುವ 14 ಬಗೆಯ ಸ್ಟಿರಾಯ್ಡ್‌ಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ ಎಂದು ಅಧಿಸೂಚನೆ ಹೊರಡಿಸಿದೆ. ಚೀಟಿ ಕೇಳುವ ಅಂಗಡಿ ನಿಮ್ಮ ಊರಲ್ಲಿ ಎಷ್ಟಿವೆ, ನೀವೇ ನೋಡಿ.

ಇನ್ನೊಂದು ವಿಷ ಪಾದರಸ. ಅದು ಚರ್ಮದಲ್ಲಿ ಬಣ್ಣ ತಯಾರಾಗುವುದನ್ನೇ ತಡೆಯುತ್ತದೆ, ಜೊತೆಗೆ ಮೈಯೊಳಗೆ ಇಳಿದು ಮೂತ್ರಪಿಂಡಕ್ಕೆ ಹೊಡೆತ ಕೊಡುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನಲ್ಲಿ 2021ರಿಂದ 2023ರ ನಡುವೆ ಒಂದೇ ಬಗೆಯ ಮೂತ್ರಪಿಂಡದ ಕಾಯಿಲೆಯ ರೋಗಿಗಳು ಒಬ್ಬರ ಹಿಂದೆ ಒಬ್ಬರು ಬರತೊಡಗಿದರು. ವೈದ್ಯರು ವಿಚಾರಿಸಿದಾಗ ಅಂಥ 15 ಜನರಲ್ಲಿ 13 ಜನ ಬೆಳ್ಳಗಾಗುವ ಕ್ರೀಮು ಹಚ್ಚುತ್ತಿದ್ದವರು. ಕೋಟಕ್ಕಲ್ ಅಂದರೆ ಆಯುರ್ವೇದಕ್ಕೆ ಇಡೀ ದೇಶದಲ್ಲಿ ಹೆಸರಾದ ಊರು. ಅಲ್ಲಿಗೇ ಈ ಕ್ರೀಮು ನುಗ್ಗಿದೆ ಅಂದರೆ ಹತ್ತಿಮತ್ತೂರು ಯಾವ ಲೆಕ್ಕ?

ಗ್ರಂಥದಲ್ಲಿದೆ ಅಂತ ಎಲ್ಲವೂ ಹಚ್ಚುವಂಥದ್ದಲ್ಲ

ಕ್ರೀಮು ಮಾರುವವರನ್ನು ಬೈದು ಗಿಡಮೂಲಿಕೆ ಹೊಗಳಿ ಸುಮ್ಮನಾದರೆ ನಾವು ಅರ್ಧ ಮಾತ್ರ ಹೇಳಿದಂತೆ. ಚರಕನ ಅದೇ ಕುಷ್ಠಘ್ನ ಗುಂಪಿನಲ್ಲಿ ಅರಿಶಿಣದ ಜೊತೆಗೇ ಕರಿಗೇರು ಇದೆ, ಕಣಗಿಲೆ ಇದೆ. ಕರಿಗೇರು ಅಂದರೆ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕಾಯಿ, ಅದರ ಎಣ್ಣೆ ತಾಗಿದರೆ ಮೈ ಬೊಬ್ಬೆ ಏಳುತ್ತದೆ. ಕಣಗಿಲೆ ವಿಷ. ಇವನ್ನು ಶುದ್ಧಿ ಮಾಡಿ ಬಳಸುವ ವಿಧಾನ ಓದಿದ ವೈದ್ಯರಿಗೆ ಗೊತ್ತು, ವಿಡಿಯೋ ಮಾಡುವವರಿಗೆ ಗೊತ್ತಿಲ್ಲ. ತೊನ್ನಿಗೆ ಬಾವಂಚಿ ಬೀಜ ಅರೆದು ಹಚ್ಚಿ ಬಿಸಿಲಿಗೆ ಹೋಗುವವರಿದ್ದಾರೆ. ಅದರಲ್ಲಿರುವ ಸೋರಾಲೆನ್ ಬಿಸಿಲು ತಾಗಿದರೆ ಚರ್ಮ ಸುಡುತ್ತದೆ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೂ ಕಲೆ ಬೀಳುತ್ತದೆ.

ಎಲ್ಲಕ್ಕಿಂತ ದೊಡ್ಡ ತಪ್ಪು, ಮೈಮೇಲಿನ ಮಚ್ಚೆಗೆ ಸೊಪ್ಪು ಅರೆದು ಹಚ್ಚುತ್ತ ವರ್ಷ ಕಳೆಯುವುದು. ಮಚ್ಚೆ ಸುತ್ತಲಿನ ಚರ್ಮಕ್ಕಿಂತ ತಿಳಿಬಣ್ಣ ಅಥವಾ ಕೆಂಪಾಗಿದ್ದು, ಅಲ್ಲಿ ಮುಟ್ಟಿದರೆ, ಚಿವುಟಿದರೆ ಗೊತ್ತಾಗದಿದ್ದರೆ ಅದು ಕುಷ್ಠರೋಗ ಇರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ಮಾತ್ರೆ ಉಚಿತ. ಕೋರ್ಸು ಕಾಯಿಲೆ ನೋಡಿಕೊಂಡು 6 ಅಥವಾ 12 ತಿಂಗಳು. ಪೂರ್ತಿ ವಾಸಿಯಾಗುತ್ತದೆ. ತಡ ಮಾಡಿದರೆ ನರ ಸತ್ತು ಬೆರಳು ಮಡಚಿಕೊಳ್ಳುತ್ತವೆ, ಅದನ್ನು ಬೇವೂ ತರಲಾರದು, ಮಾತ್ರೆಯೂ ತರಲಾರದು. ಆಶಾ ಅಕ್ಕ ಮನೆಗೆ ಬಂದು ಮೈಮೇಲೆ ಮಚ್ಚೆ ಇದೆಯಾ ಅಂತ ಕೇಳಿದರೆ ಸಿಟ್ಟಾಗಬೇಡಿ, ತೋರಿಸಿ.

ಡಬ್ಬಿ ಕೈಗೆ ಬಂದಾಗ

ಕೊಳ್ಳುವ ಮುಂಚೆ ಒಂದು ನಿಮಿಷ ಓದಿ. ಆಯುರ್ವೇದ ಔಷಧಿ ಆಗಿದ್ದರೆ ತಯಾರಕರ ಹೆಸರು, ವಿಳಾಸ, ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ಅವಧಿ ಮುಗಿಯುವ ದಿನ, ಒಳಗಿರುವ ಪದಾರ್ಥಗಳ ಪಟ್ಟಿ ಇರಲೇಬೇಕು. ಇವು ಇಲ್ಲದಿದ್ದರೆ ಎಲೆಯ ಚಿತ್ರ ಎಷ್ಟೇ ದೊಡ್ಡದಿರಲಿ, ವಾಪಸ್ ಕೊಡಿ. 'ಕ್ಲೊಬೆಟಾಸಾಲ್', 'ಬೆಟಾಮೆಥಾಸೋನ್', 'ಮೊಮೆಟಾಸೋನ್' ಎಂಬ ಹೆಸರಿದ್ದರೆ ಅದು ಸ್ಟಿರಾಯ್ಡ್, ಡಾಕ್ಟರು ಬರೆದಿರದಿದ್ದರೆ ಹಚ್ಚಬೇಡಿ. 'ಬಂಗಾರ, ಬೆಳ್ಳಿಗೆ ತಾಗಿಸಬೇಡಿ' ಎಂದು ಬರೆದಿದ್ದರೆ ಪಾದರಸ ಇರುವ ಅನುಮಾನ ಪಡಿ, ಯಾಕೆಂದರೆ ಪಾದರಸ ಬಂಗಾರವನ್ನು ಹಾಳು ಮಾಡುತ್ತದೆ. ತೊನ್ನು ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದೇ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರ ಕಾಯ್ದೆ ಪ್ರಕಾರ ಅಪರಾಧ. ಗೋಡೆಗೆ ಅಂಟಿಸಿದ ಚೀಟಿಗೂ ಅದು ಅನ್ವಯ.

ಈಗಾಗಲೇ ತಿಂಗಳುಗಟ್ಟಲೆ ಹಚ್ಚುತ್ತಿದ್ದರೆ ಗಾಬರಿಯಿಂದ ನೀವೇ ನಿಲ್ಲಿಸಿ ಸುಮ್ಮನಾಗಬೇಡಿ. ಡಬ್ಬಿ ಸಮೇತ ಸವಣೂರಿನ ಸರ್ಕಾರಿ ಆಸ್ಪತ್ರೆಗೋ ಹಾವೇರಿ ಜಿಲ್ಲಾ ಆಸ್ಪತ್ರೆಗೋ ಹೋಗಿ. ಡಬ್ಬಿ ನೋಡದೆ ಡಾಕ್ಟರಿಗೂ ಗೊತ್ತಾಗುವುದಿಲ್ಲ.

ಜನರಿಗೆ ಬುದ್ಧಿ ಹೇಳಿದರೆ ಮುಗಿಯುವ ಕೆಲಸ ಇದಲ್ಲ. ಸಂತೆಗಳಲ್ಲಿ, ಬಸ್ ನಿಲ್ದಾಣದ ಪಕ್ಕದಲ್ಲಿ ಮಾರುವ ಡಬ್ಬಿಗಳನ್ನು ಡ್ರಗ್ ಇನ್‌ಸ್ಪೆಕ್ಟರು ಬಂದು ತಪಾಸಣೆ ಮಾಡಬೇಕು. ಆಯುಷ್ ವೈದ್ಯರು ತಿಂಗಳಿಗೊಮ್ಮೆ ಊರಿಗೆ ಬಂದು ಯಾವ ಸೊಪ್ಪು ಯಾವುದಕ್ಕೆ, ಯಾವುದಕ್ಕೆ ಅಲ್ಲ ಅಂತ ಹೇಳಿಕೊಡಬೇಕು. ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಕೇಳಿ. ರಸ್ತೆ, ಚರಂಡಿ ಕೇಳುವಷ್ಟೇ ಗಟ್ಟಿಯಾಗಿ ಕೇಳಿ. ಹತ್ತಿಮತ್ತೂರಿನ ಸಭೆಗೆ ನಾವೂ ಬರುತ್ತೇವೆ.

ಆ ಹುಡುಗಿಯ ವಿಷಯ ಹೇಳಿ ಮುಗಿಸುತ್ತೇವೆ. ಡಾಕ್ಟರು ಕೊಟ್ಟ ಔಷಧಿಯಿಂದ ಈಗ ಮುಖದ ಉರಿ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ತವರಿಗೆ ಬಂದಾಗ ಅಜ್ಜಿ ಹೊಸದಾಗಿ ಕುಟ್ಟಿದ ಅರಿಶಿಣ ಸ್ವಲ್ಪ ತೆಗೆದಿಟ್ಟಿದ್ದರಂತೆ. "ಈಗ ಬ್ಯಾಡವಾ, ಡಾಕ್ಟ್ರು ಹೂಂ ಅಂದ ಮ್ಯಾಲೆ ಹಚ್ತೀನಿ" ಅಂದಳಂತೆ. ಅಜ್ಜಿ ಅದನ್ನು ಕಟ್ಟಿ ಕೊಟ್ಟು ಕಳಿಸಿದ್ದಾರೆ.